ನನ್ನ ಏರ್ ರೈಫಲ್‌ಗೆ ಯಾವ ಛರ್ರಾ? ಮಾರ್ಚ್‌ನಿಂದ ಜೂನ್‌ವರೆಗಿನ ಲೆಕ್ಕ

ಮಾರ್ಚ್ ಕೊನೆಯ ವಾರ

ಮನೆ ಪಕ್ಕದ ಸಂದಿಯನ್ನು ಟೇಪ್ ಹಿಡಿದು ಅಳೆದೆ. 11.5 ಮೀಟರ್ ಬಂತು. ಎರಡೂ ಕಡೆ ಎತ್ತರದ ಗೋಡೆ. ಆ ತುದಿಯಲ್ಲಿ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಕಲಬುರಗಿಯ ನಡುವೆ, ಮನೆಯಲ್ಲೇ 10 ಮೀಟರ್ ಗುರಿ ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ನನ್ನ ಪುಣ್ಯ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದೂ ಇದೇ 10 ಮೀಟರ್ ದೂರದಲ್ಲಿ ಅಲ್ವಾ.

ರೈಫಲ್ ತಂದು ಎರಡು ತಿಂಗಳಾಗಿದೆ. 4.5 ಮಿ.ಮೀ.ನ ಸ್ಪ್ರಿಂಗ್ ಏರ್ ರೈಫಲ್. ನಳಿಗೆ ಬಗ್ಗಿಸಿ ಸ್ಪ್ರಿಂಗ್ ಏರಿಸುವಂಥದ್ದು. 2016ರ ಆಯುಧ ನಿಯಮಗಳ ಪ್ರಕಾರ 20 ಜೌಲ್ (ಗುಂಡಿನ ಶಕ್ತಿಯ ಅಳತೆ) ಒಳಗಿನ, 4.5 ಮಿ.ಮೀ. ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಹಕ್ಕಿ, ಮೊಲ ಹೊಡೆಯುವ ಹಾಗಿಲ್ಲ. ನಾನು ಹೊಡೆಯುವುದು ಕಾಗದಕ್ಕೆ ಮಾತ್ರ. ಅದಕ್ಕೆ ಹಾಕುವ ಪುಟ್ಟ ಸೀಸದ ಗುಂಡೇ ಛರ್ರಾ.

ತೊಂದರೆ ಏನಂದ್ರೆ, ಐದು ಗುಂಡು ಹೊಡೆದರೆ ಐದೂ ತೂತು ಹತ್ತು ರೂಪಾಯಿ ನಾಣ್ಯದಡಿ ಮುಚ್ಚುತ್ತಿರಲಿಲ್ಲ. ಹಿಡಿತ ಬದಲಿಸಿದೆ. ಗುರಿ ಹಿಡಿಯುವ ಸೈಟ್ ಬಿಚ್ಚಿ ಮತ್ತೆ ಕೂಡಿಸಿದೆ. ಉಸಿರು ಬಿಗಿಹಿಡಿದೆ. ಯಾವುದರಿಂದಲೂ ಏನೂ ಆಗಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಮುತ್ಯಾನ (ಅಜ್ಜನ) ಮುಂದೆ ಇದನ್ನೆಲ್ಲ ಹೇಳಿದೆ. ನಮ್ಮೂರು ಚಿಂಚೋಳಿ ಕಡೆ. ಮುತ್ಯಾಗೆ ಈಗ ತೊಂಬತ್ತು ದಾಟಿದೆ. ಹೊರಸಿನ ಮೇಲೆ ಕೂತು ಪೂರ್ತಿ ಕೇಳಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ತೋಟಾ ಯಾವ್ದು ಹಾಕ್ತಿ ತಮ್ಮಾ?"

ಅಂಗಡಿಯವರು ಕೊಟ್ಟಿದ್ದು ಅಂದೆ. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಈ ಮಾತು ಹೇಳಿದ. ಆಗ ಅವನಿಗೆ ಇಪ್ಪತ್ತೈದರ ಹರೆಯ. ಕಾಡಹಂದಿ ಜೋಳದ ಹೊಲ ಹಾಳು ಮಾಡುತ್ತಿದ್ದವು. ಗೌಡರ ಮನೆಯ ಜೋಡು ನಳಿಗೆ ಬಂದೂಕು ತಂದು ರಾತ್ರಿ ಮಂಚಿಕೆಯ ಮೇಲೆ ಕೂತಿದ್ದ.

"ಕೈಯಾಗ ಇದ್ದದ್ದು ಎರಡೇ ತೋಟಾ. ಅದರಾಗ ಕೌಜುಗ ಹೊಡಿಯೋ ಸಣ್ಣ ಛರ್ರಾ ಇದ್ವು. ಹಂದಿಗಿ ಅದನ್ನೇ ಹೊಡದೆ. ಓಡಿ ಹೋತು. ಮೂರನೇ ದಿನ ಹಳ್ಳದ ದಂಡ್ಯಾಗ ಸಿಕ್ತು. ಇನ್ನೂ ಜೀವ ಇತ್ತು."

ಅಲ್ಲಿಂದ ಮುತ್ಯಾ ಬಂದೂಕು ಮುಟ್ಟಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬರುವ ಎಷ್ಟೋ ವರ್ಷ ಮೊದಲೇ ಅವನ ಬೇಟೆ ನಿಂತಿತ್ತು. ಅವತ್ತಿನ ಆ ಕಾಡು ಈಗ ಚಿಂಚೋಳಿ ವನ್ಯಜೀವಿ ಧಾಮ, 2011ರಿಂದ. ಹಂದಿಯ ಮಾತು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಕಲಬುರಗಿಗೆ ವಾಪಸ್ ಬರುವಾಗ ಬಸ್ಸಿನ ತುಂಬ ನನಗೆ ಅದೇ ಯೋಚನೆ.

ಏಪ್ರಿಲ್ 4

ಬೇಟೆಯ ಗುಂಡಿನ ಬಗ್ಗೆ ನಾಲ್ಕು ದಿನ ಓದಿದೆ. ನನ್ನ ಕೆಲಸಕ್ಕೆ ನೇರವಾಗಿ ಬೇಕಿಲ್ಲ. ಆದರೂ ಮುತ್ಯಾನ ಹಂದಿಗೆ ಏನಾಯಿತು ಅಂತ ತಿಳಿಯಬೇಕಿತ್ತು.

ದೊಡ್ಡ ಪ್ರಾಣಿಗೆ ಗುಂಡು ತಾಗಿದರೆ ಸಾಲದು. ಚರ್ಮ, ಮಾಂಸ, ಎಲುಬು ದಾಟಿ ಹೃದಯ, ಶ್ವಾಸಕೋಶದವರೆಗೆ ಹೋಗಬೇಕು. ಅಲ್ಲಿ ಅಗಲವಾದ ಗಾಯ ಮಾಡಬೇಕು. ಆಗ ಮಾತ್ರ ಪ್ರಾಣಿ ನರಳದೆ ಬೇಗ ಸಾಯುತ್ತದೆ. ಸಣ್ಣ ಛರ್ರಾ ಹಂದಿಯ ಚರ್ಮ, ಕೊಬ್ಬಿನಲ್ಲೇ ನಿಂತುಬಿಡುತ್ತವೆ. ಅದಕ್ಕೇ ಆ ಮೂರು ದಿನ.

ಜಿಂಕೆ, ಹಂದಿಯಂಥದ್ದಕ್ಕೆ ಬೇಟೆ ಇರುವ ದೇಶಗಳಲ್ಲಿ ಮೆತ್ತನೆ ತುದಿಯ ಗುಂಡು ಬಳಸುತ್ತಾರೆ. ಒಳಗೆ ಸೀಸ, ಮೇಲೆ ತಾಮ್ರದ ಕವಚ, ತುದಿಯಲ್ಲಿ ಸೀಸ ಬಯಲಾಗಿರುತ್ತದೆ. ತಾಗಿದ ಮೇಲೆ ಅಣಬೆಯ ಹಾಗೆ ಅರಳುತ್ತದೆ. ಆನೆ, ಕಾಡೆಮ್ಮೆಗೆ ಅದು ನಡೆಯಲ್ಲ. ಅರಳಿದ ಗುಂಡು ಆಳಕ್ಕೆ ಹೋಗಲ್ಲ. ಅವಕ್ಕೆ ಅರಳದ ಗಟ್ಟಿ ಗುಂಡೇ ಬೇಕು. ಆಫ್ರಿಕಾದಲ್ಲಿ ಇದಕ್ಕೆ ಹೆಸರಾದದ್ದು 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾ. ಅದರ ಗುಂಡಿನ ತೂಕ 19 ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ 770 ಮೀಟರ್ ಆಸುಪಾಸು. ಲೆಕ್ಕ ಹಾಕಿದರೆ 5,700 ಜೌಲ್ ಬರುತ್ತದೆ.

ಜಾನ್ ನಾಸ್ಲರ್ ಅನ್ನುವವರ ಕಥೆ ನನಗೆ ತುಂಬ ಹಿಡಿಸಿತು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅವರು ಮೂಸ್ ಅನ್ನುವ ದೊಡ್ಡ ಕಡವೆ ಜಾತಿಯ ಪ್ರಾಣಿಗೆ ಹೊಡೆದರು. ಅದರ ಮೈಮೇಲೆ ಕೆಸರು ಒಣಗಿ ಗಟ್ಟಿಯಾಗಿತ್ತು. ಗುಂಡುಗಳು ಮೇಲ್ಮೈಯಲ್ಲೇ ಅರಳಿ, ಒಳಗೆ ಹೋಗದೆ ಸೋತವು. ಮನೆಗೆ ಬಂದು ಅವರು ಹೊಸ ಗುಂಡು ಮಾಡಿದರು. ನಡುವೆ ತಾಮ್ರದ ಅಡ್ಡಗೋಡೆ. ಮುಂದಿನ ಸೀಸ ಅರಳುತ್ತದೆ, ಗೋಡೆಯ ಹಿಂದಿನ ಸೀಸ ಹಾಗೇ ಉಳಿದು ಆಳಕ್ಕೆ ತಳ್ಳುತ್ತದೆ. ಒಂದು ಪ್ರಾಣಿ ನರಳಿದ್ದನ್ನು ನೋಡಿ ಮುತ್ಯಾ ಬಂದೂಕು ಬಿಟ್ಟ, ಇವರು ಗುಂಡನ್ನೇ ಬದಲಿಸಿದರು. ಇಬ್ಬರ ಮೇಲೂ ನನಗೆ ಗೌರವ ಇದೆ.

ಇನ್ನೊಂದು ವಿಷಯ. ಅರಳುವ ಗುಂಡಿಗೆ ಡಮ್‌ಡಮ್ ಅಂತ ಹೆಸರು ಬಂದದ್ದು ಕೋಲ್ಕತ್ತಾ ಹತ್ತಿರದ ಡಮ್‌ಡಮ್ ಕಾರ್ಖಾನೆಯಿಂದ. 1899ರ ಹೇಗ್ ಒಪ್ಪಂದ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಜಿಂಕೆ, ಹಂದಿಯ ಬೇಟೆಯಲ್ಲಿ ಮಾತ್ರ ಅದೇ ಸರಿಯಾದ ಗುಂಡು.

ಹಾಗಾದರೆ ಕಾಗದಕ್ಕೆ ಸರಿಯಾದ ಗುಂಡು ಯಾವುದು?

ಏಪ್ರಿಲ್ 11

ಮೊದಲು ಒಂದು ತಪ್ಪು ಬರೆದಿಡುತ್ತೇನೆ, ಬೇರೆಯವರು ಮಾಡಬಾರದು ಅಂತ. ಗುರಿಯ ಹಿಂದೆ ಶಹಾಬಾದ್ ಕಲ್ಲಿನ ಹಾಸು ನಿಲ್ಲಿಸಿದ್ದೆ. ಮನೆಯಲ್ಲಿ ಎರಡು ಉಳಿದಿದ್ದವು. ಮೂರನೇ ಗುಂಡು ಕಲ್ಲಿಗೆ ಬಡಿದು ವಾಪಸ್ ಬಂದು ನನ್ನ ಹಿಂದಿನ ಬಾಗಿಲಿಗೆ ಟಪ್ ಅಂತ ತಾಗಿತು. ಕನ್ನಡಕ ಹಾಕಿದ್ದೆ, ಏನೂ ಆಗಲಿಲ್ಲ. ಆದರೆ ಕೈ ನಡುಗಿತು. ಅವತ್ತೇ ಹಲಗೆಯ ಪೆಟ್ಟಿಗೆ ಮಾಡಿಸಿ ಉಸುಕು ತುಂಬಿದೆ, ಮುಂದೆ ದಪ್ಪ ರಟ್ಟು ಹೊಡೆದೆ. ಈಗ ಗುಂಡು ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ ಜರಡಿ ಹಿಡಿದು ಸೀಸ ಬೇರೆ ತೆಗೆಯುತ್ತೇನೆ. ಆಮೇಲೆ ಸೋಪು ಹಚ್ಚಿ ಕೈ ತೊಳೆಯದೆ ನೀರೂ ಕುಡಿಯಲ್ಲ.

ಗುರಿಗೆ ಲಗ್ನಪತ್ರಿಕೆ ಬಳಸುತ್ತಿದ್ದೇನೆ. ಈ ಸೀಸನ್ನಿನಲ್ಲಿ ದಿನಕ್ಕೊಂದು ಬರುತ್ತದೆ, ಕಾಗದ ಗಟ್ಟಿ. ದೇವರ ಚಿತ್ರ ಇರುವ ಭಾಗವನ್ನು ಅವ್ವ ಮೊದಲೇ ಕತ್ತರಿಸಿ ಎತ್ತಿಡುತ್ತಾಳೆ.

ಏಪ್ರಿಲ್ 20

ಬೇರೆ ಬೇರೆ ಕಂಪನಿಯ ಪೆಲೆಟ್ (ಛರ್ರಾ) ಡಬ್ಬಿಗಳು ಬಂದವು. ಎಲ್ಲ 500 ಪೆಲೆಟ್‌ನ ಡಬ್ಬಿ. ಆರ್‌ಡಬ್ಲ್ಯುಎಸ್ ಆರ್10, 0.45 ಗ್ರಾಂ. ಎಚ್‌ಅಂಡ್‌ಎನ್ ಫಿನಾಲೆ ಮ್ಯಾಚ್ ಹೆವಿ, 0.53 ಗ್ರಾಂ, ತಲೆಯ ಅಳತೆ 4.49 ಮತ್ತು 4.50 ಮಿ.ಮೀ., ಎರಡು ಬಗೆ. ಜೆಎಸ್‌ಬಿ ಎಕ್ಸಾಕ್ಟ್, 0.547 ಗ್ರಾಂ. ಜೊತೆಗೆ ಊರಿನ ಅಂಗಡಿಯ ಅಗ್ಗದ ಛರ್ರಾ, ಇನ್ನೊಂದು ಚೂಪು ತುದಿಯದ್ದು. ದಾರಿಯಲ್ಲಿ ಒಂದು ಡಬ್ಬಿ ಜಜ್ಜಿ ಬಂದಿದೆ, ಅದರಲ್ಲಿ ಐವತ್ತರ ಹತ್ತಿರ ಪೆಲೆಟ್ ಹಾಳು.

ಒಂದು ಪೆಲೆಟ್ ಅನ್ನು ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಡಮರುಗ. ನಡು ಸಣ್ಣ. ಮುಂದೆ ಗಟ್ಟಿ ತಲೆ. ಹಿಂದೆ ಒಳಗೆ ಟೊಳ್ಳಾದ ಲಂಗ. ಗಾಳಿ ತಳ್ಳಿದಾಗ ಲಂಗ ಹಿಗ್ಗಿ ನಳಿಗೆಗೆ ಅಂಟುತ್ತದೆ, ಗಾಳಿ ಸೋರಲ್ಲ. ತಲೆ ನಳಿಗೆಯೊಳಗಿನ ಗೀರುಗಳ ಮೇಲೆ ಜಾರಿಕೊಂಡು ತಿರುಗುತ್ತಾ ಹೋಗುತ್ತದೆ. ಲಂಗ ಸೊಟ್ಟಗಿದ್ದರೆ ಗುಂಡು ಗಾಳಿಯಲ್ಲೇ ಓಲಾಡುತ್ತದೆ. ಜಜ್ಜಿದ ಐವತ್ತನ್ನು ಅದಕ್ಕೇ ಬಿಸಾಡಿದೆ.

ಆರ್10 ಮತ್ತು ಫಿನಾಲೆಯ ತಲೆ ಚಪ್ಪಟೆ. ಕಾಗದದಲ್ಲಿ ಪಂಚಿಂಗ್ ಮಷಿನ್ ಹೊಡೆದ ಹಾಗೆ ದುಂಡನೆ ತೂತು ಬೀಳುತ್ತದೆ, ಅಂಕ ಎಣಿಸಲು ಜಗಳವಿಲ್ಲ. ಸ್ಪರ್ಧೆಯಲ್ಲಿ ಇದನ್ನೇ ಬಳಸುವುದು. ಜೆಎಸ್‌ಬಿ ತಲೆ ಗುಂಡಗೆ, ಗಾಳಿ ಸೀಳಿಕೊಂಡು ದೂರ ಹೋಗುವುದಕ್ಕೆ ಚೆನ್ನಾಗಿದೆ, ಆದರೆ ಕಾಗದ ಹರಿಯುತ್ತದೆ.

ಏಪ್ರಿಲ್ 27

ಸರಾಫ್ ಬಜಾರಿನಲ್ಲಿ ಗೆಳೆಯನ ಬಂಗಾರದ ಅಂಗಡಿ ಇದೆ. ಅವನ ತಕ್ಕಡಿ ಒಂದು ಮಿಲಿಗ್ರಾಂವರೆಗೆ ತೋರಿಸುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಕೂತು ಪ್ರತಿ ಡಬ್ಬಿಯಿಂದ ಐವತ್ತು ತೂಗಿದೆವು. ಅವನು ಚಿಮಟಾದಲ್ಲಿ ಎತ್ತಿ ಇಡುವುದು, ನಾನು ಬರೆಯುವುದು.

ಅಗ್ಗದ ಛರ್ರಾ: ಹಗುರದ್ದು 0.461, ಭಾರದ್ದು 0.527. ಒಂದೇ ಡಬ್ಬಿಯಲ್ಲಿ ಇಷ್ಟು ಅಂತರ! ಫಿನಾಲೆ: 0.528ರಿಂದ 0.533. ಗೆಳೆಯ ಎರಡು ಸಲ ತಕ್ಕಡಿ ಸೊನ್ನೆ ಮಾಡಿ ನೋಡಿದ. "ಬಂಗಾರದ ಮಣಿನೂ ಇಷ್ಟು ಸಮ ಬರಂಗಿಲ್ಲಪ್ಪ" ಅಂದ.

ಮನೆಗೆ ಬಂದು ಪಾಲಿಶ್ ಮಾಡಿದ ಶಹಾಬಾದ್ ಕಲ್ಲನ್ನು ಒಂದಿಷ್ಟು ಓರೆ ಇಟ್ಟು ಪೆಲೆಟ್ ಉರುಳಿಸಿದೆ. ಒಳ್ಳೆಯವು ಎಲ್ಲ ಒಂದೇ ಬಾಗಿನಲ್ಲಿ ತಿರುಗಿ ಒಂದೇ ಜಾಗಕ್ಕೆ ಬಂದು ನಿಂತವು. ಅಗ್ಗದವು ಕುಂಟುತ್ತಾ ಉರುಳಿ ಎತ್ತೆತ್ತಲೋ ಹೋದವು. ಎರಡು ತಿಂಗಳು ನನ್ನ ಕೈಯನ್ನೇ ದೂರುತ್ತಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು.

ಮೇ 5

ವೇಗ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ. ಮೊಬೈಲ್‌ನಲ್ಲೇ ಮಾಡಿದೆ. ಗುರಿಯ ಜಾಗದಲ್ಲಿ, ಪೆಟ್ಟಿಗೆಗೆ ಒರಗಿಸಿ, ಒಂದು ತೆಳು ತಗಡು. ನಳಿಗೆಯ ಪಕ್ಕ ಮೊಬೈಲ್, ರೆಕಾರ್ಡಿಂಗ್ ಆನ್. ಆಮೇಲೆ ಧ್ವನಿಯ ಗೆರೆ ದೊಡ್ಡದು ಮಾಡಿ ಗುಂಡು ಹೊರಟ ಸದ್ದು ಮತ್ತು ತಗಡಿನ ಸದ್ದಿನ ನಡುವಿನ ಸಮಯ ನೋಡಿದೆ. ಫಿನಾಲೆಗೆ 0.0855 ಸೆಕೆಂಡ್.

ಅದರಲ್ಲಿ ತಗಡಿನ ಸದ್ದು ನನ್ನ ತನಕ ವಾಪಸ್ ಬರುವ ಸಮಯ ಕಳೆಯಬೇಕು. ಸಂಜೆಯೂ 38 ಡಿಗ್ರಿ ಇತ್ತು. ಆ ಬಿಸಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 354 ಮೀಟರ್, ಅಂದರೆ 10 ಮೀಟರಿಗೆ 0.0282 ಸೆಕೆಂಡ್. ಉಳಿದದ್ದು 0.0573. ಗುಂಡಿನ ಸರಾಸರಿ ವೇಗ ಸೆಕೆಂಡಿಗೆ 174 ಮೀಟರ್ ಚಿಲ್ಲರೆ. ಶಕ್ತಿ 8 ಜೌಲ್. ಆಫ್ರಿಕಾದ ಆ ತೋಟಾ ಇದರ ಏಳುನೂರು ಪಟ್ಟು! ಆದರೂ ಈ 8 ಜೌಲ್‌ಗೆ ಒಂದು ಕಣ್ಣು ಹೋಗುತ್ತದೆ. ಕನ್ನಡಕ ಇಲ್ಲದೆ ಸಂದಿಗೆ ಯಾರೂ ಬರಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಅಗ್ಗದ ಛರ್ರಾ ಹೊಡೆದಾಗ ಮೊದಲ ಎರಡು ಸಲ ಜೋರಾಗಿ ಸಿಡಿದು ಸುಟ್ಟ ವಾಸನೆ, ಹೊಗೆ ಬಂತು. ಅದರ ಮೇಲಿದ್ದ ಎಣ್ಣೆ ಒತ್ತಡಕ್ಕೆ ಹತ್ತಿಕೊಳ್ಳುತ್ತದೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿದ ಮೇಲೆ ನಿಂತಿತು.

ಮೇ 18

ಗುಂಪಿನ ಪರೀಕ್ಷೆ. ಬೆಳಿಗ್ಗೆ ಆರರಿಂದ ಎಂಟು, ಆಮೇಲೆ ಬಿಸಿಲಿಗೆ ಸಂದಿ ಒಲೆಯಾಗುತ್ತದೆ. ಪ್ರತಿ ಪೆಲೆಟ್‌ಗೆ ಐದೈದು ಗುಂಡಿನ ಐದು ಗುಂಪು. ತೀರ ದೂರದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದು ಸರಾಸರಿ ತೆಗೆದೆ. ಅಗ್ಗದ್ದು 24 ಮಿ.ಮೀ., ಚೂಪು ತುದಿಯದ್ದು 17. ಆರ್10ಗೆ 10 ಬಂತು, ಜೆಎಸ್‌ಬಿಗೆ 8. ಫಿನಾಲೆ 4.49ಕ್ಕೆ 9, 4.50ಕ್ಕೆ 6.5.

ಆರ್10 ಗೆಲ್ಲುತ್ತದೆ ಅಂದುಕೊಂಡಿದ್ದೆ. ಹೆಸರು ದೊಡ್ಡದು. ಆದರೆ 0.45 ಗ್ರಾಂ ನನ್ನ ಸ್ಪ್ರಿಂಗಿಗೆ ತೀರ ಹಗುರ. ಅಷ್ಟು ಹಗುರ ಇದ್ದರೆ ಒಳಗಿನ ಪಿಸ್ಟನ್‌ಗೆ ಎದುರಿನಿಂದ ಗಾಳಿಯ ತಡೆ ಸಾಲದೆ ಜೋರಾಗಿ ಹೋಗಿ ಬಡಿಯುತ್ತದೆ, ರೈಫಲ್ ಇಡೀ ಅದುರುತ್ತದೆ. ಆ ಅದುರು ಭುಜಕ್ಕೂ ಗೊತ್ತಾಗುತ್ತಿತ್ತು.

4.49 ಮತ್ತು 4.50ರ ನಡುವೆ ಇಷ್ಟು ವ್ಯತ್ಯಾಸ ಯಾಕೆ ಅಂತ ಒಂದೊಂದನ್ನು ಕಡ್ಡಿಯಿಂದ ನಳಿಗೆಯಲ್ಲಿ ಮೆಲ್ಲಗೆ ತಳ್ಳಿ ಹೊರಗೆ ತೆಗೆದೆ. 4.49ರ ತಲೆಯ ಮೇಲೆ ಗೀರು ಒಂದು ಪಕ್ಕ ಮಾತ್ರ ಬಿದ್ದಿತ್ತು. 4.50ರಲ್ಲಿ ಸುತ್ತಲೂ, ಒಂದೇ ಸಮ, ಕೂದಲೆಳೆಯಷ್ಟು ತೆಳುವಾಗಿ. ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದೆ. ಬೇರೆಯವರ ರೈಫಲ್‌ನಲ್ಲಿ 4.49 ಗೆಲ್ಲಬಹುದು. ನನ್ನ ನಳಿಗೆ ಒಪ್ಪಿದ್ದು ಇದು.

ಜೂನ್ 8

ಗುಂಪು ಇನ್ನೂ 5 ಮಿ.ಮೀ.ಗೆ ಇಳಿಯಬೇಕು. ಲೆಕ್ಕ ಹೀಗೆ: 10 ಮೀಟರ್ ಗುರಿಯಲ್ಲಿ ಹತ್ತರ ಚುಕ್ಕೆಯ ಅಗಲ ಬರೀ 0.5 ಮಿ.ಮೀ. ಪೆಲೆಟ್‌ನ ಅಂಚು ಅದಕ್ಕೆ ತಾಗಿದರೆ ಸಾಕು. ಅಂದರೆ ಗುಂಡಿನ ನಡು, ಚುಕ್ಕೆಯ ನಡುವಿನಿಂದ 2.5 ಮಿ.ಮೀ. ಒಳಗಿದ್ದರೆ ಹತ್ತು. ಎರಡೂ ಕಡೆ ಸೇರಿ 5.

ಪೆಲೆಟ್ ಸಿಕ್ಕಿದ ಮೇಲೆ ಈಗ ಹಿಡಿತದ ಸರದಿ. ರೈಫಲ್ ಮುಂಭಾಗವನ್ನು ಉಸುಕಿನ ಚೀಲದ ಮೇಲೆ ಬಿಗಿಯಾಗಿ ಇಡುತ್ತಿದ್ದೆ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ, ಗುಂಡು ಆಗ ಇನ್ನೂ ನಳಿಗೆಯಲ್ಲೇ ಇರುತ್ತದೆ. ಬಿಗಿ ಹಿಡಿದಷ್ಟೂ ದಿಕ್ಕು ತಪ್ಪುತ್ತದೆ. ಈಗ ಬಿಚ್ಚಿದ ಅಂಗೈ ಮೇಲೆ ಸುಮ್ನೆ ಇಟ್ಟು, ಪ್ರತಿ ಸಲ ಅದೇ ಜಾಗದಲ್ಲಿ ಹೊರುತ್ತೇನೆ. ಈ ವಾರದ ಸರಾಸರಿ 5.4.

ಕಾರಹುಣ್ಣಿಮೆಗೆ ಊರಿಗೆ ಹೋದಾಗ ಒಳ್ಳೆಯ ಕಾರ್ಡ್ ಒಂದನ್ನು ಒಯ್ದೆ. ಮುತ್ಯಾಗೆ ಕಣ್ಣು ಅಷ್ಟು ಕಾಣಲ್ಲ. ಹೆಬ್ಬೆರಳಿಂದ ತೂತು ಸವರಿದ.

"ಒಂದೇ ಹೊಡದಿ ಏನು?"

ಐದು ಮುತ್ಯಾ, ಅಂದೆ. ಇನ್ನೊಮ್ಮೆ ಸವರಿ, ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡ.

ಅದೇ 4.50 ಫಿನಾಲೆ ಇನ್ನೂ ಎರಡು ಡಬ್ಬಿ ಹೇಳಿದ್ದೇನೆ, ಒಂದೇ ಬ್ಯಾಚ್ ನಂಬರಿನದ್ದೇ ಬೇಕು ಅಂತ ಬರೆದು. ಬ್ಯಾಚ್ ಬದಲಾದರೆ ಮತ್ತೆ ತೂಗಿ, ಉರುಳಿಸಿ ನೋಡಬೇಕು. ಮಳೆಗಾಲಕ್ಕೆ ಸಂದಿಯ ಮೇಲೆ ತಗಡು ಹೊದಿಸುವ ಕೆಲಸ ಬಾಕಿ ಇದೆ.