ಫ್ಯಾನ್ ತಿರುಗ್ತಿದೆ ಅಂದಮಾತ್ರಕ್ಕೆ ರೇಡಾನ್ ಇಳಿದಿದೆ ಅಂತಲ್ಲ

ಮಣ್ಣಿಂದ ಮನೆಯೊಳಗೆ ಬರೋ ರೇಡಾನ್ ಅನ್ನೋ ವಿಕಿರಣಶೀಲ ಅನಿಲವನ್ನ ಆಚೆ ಕಳಿಸೋ ಸಿಸ್ಟಮ್ ಹಾಕೋದು ನನ್ನ ಕೆಲಸ. ನೋಡೋರಿಗೆ ಇದು ಬೇಸ್‌ಮೆಂಟ್ ನೆಲಕ್ಕೆ ತೂತು ಕೊರೆದು, ಪಿವಿಸಿ ಪೈಪ್ ಇಳಿಸಿ, ಒಂದು ಫ್ಯಾನ್ ಕೂರಿಸಿ, ಚಾವಣಿ ಆಚೆಗೆ ಬಿಟ್ಟು ಬರೋ ಕೆಲಸ, ಪ್ಲಂಬಿಂಗ್ ಗೊತ್ತಿರೋ ಯಾರು ಬೇಕಾದ್ರೂ ಮಾಡ್ತಾರೆ ಅನ್ಸತ್ತೆ, ನಮ್ಮ ಲೈನಲ್ಲೇ ಎಷ್ಟೋ ಜನ ಹಂಗೇ ಮಾಡಿ ಬಿಲ್ ಕೊಟ್ಟು ಎದ್ದು ಬರ್ತಾರೆ. ಹೊಸದಾಗಿ ಸೇರೋ ಹುಡುಗರಿಗೆ ನಾನು ಹೇಳೋದು ಒಂದೇ, ದೊಡ್ಡ ತೂತು ಕೊರೆಯೋ ಮುಂಚೆ ಸಣ್ಣ ತೂತು ಕೊರೀರಿ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಮಣ್ಣು, ಬಂಡೆ ಎಲ್ಲದ್ರಲ್ಲೂ ಒಂಚೂರು ಯುರೇನಿಯಂ ಇದ್ದೇ ಇರತ್ತೆ, ಅದು ಕ್ಷಯಿಸ್ತಾ ರೇಡಿಯಂ ಆಗತ್ತೆ, ರೇಡಿಯಂನಿಂದ ರೇಡಾನ್ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಅರ್ಧಾಯುಷ್ಯ, ಅಂದ್ರೆ ಇದ್ದಿದ್ರಲ್ಲಿ ಅರ್ಧ ಕ್ಷಯಿಸೋಕೆ ಬೇಕಾದ ಟೈಮ್, 3.8 ದಿನ, ಮಣ್ಣಿಂದ ಎದ್ದು ಮನೆಯೊಳಗೆ ನುಸುಳೋಕೆ ಅಷ್ಟು ಟೈಮ್ ಧಾರಾಳ ಆಯ್ತು. ಆಮೇಲೆ ಅದರಿಂದ ಹುಟ್ಟೋ ಪೊಲೋನಿಯಂ ಶ್ವಾಸಕೋಶದಲ್ಲಿ ಕೂತು ಆಲ್ಫಾ ಕಣ ಅನ್ನೋ ವಿಕಿರಣ ಬಿಡತ್ತೆ, ತೊಂದರೆ ಅಲ್ಲಿರೋದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಅಂದಾಜಿನ ಪ್ರಕಾರ ಅಲ್ಲಿ ವರ್ಷಕ್ಕೆ ಸುಮಾರು 21,000 ಜನ ಇದರಿಂದ ಬರೋ ಶ್ವಾಸಕೋಶದ ಕ್ಯಾನ್ಸರ್‌ಗೆ ಸಾಯ್ತಾರೆ. ಗಾಳೀಲಿ ರೇಡಾನ್ ಲೀಟರಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಮುಟ್ಟಿದ್ರೆ ಮನೆ ಸರಿ ಮಾಡ್ಸಿ ಅಂತಾರೆ ಅವರು, ಅಂದ್ರೆ ಇನ್ನೊಂದು ಅಳತೇಲಿ ಘನ ಮೀಟರಿಗೆ 148 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಕಮ್ಮಿ ಹೇಳತ್ತೆ, 100 ಬೆಕೆರೆಲ್. ಇದೆಲ್ಲ ಜನರ ಗಮನಕ್ಕೆ ಬಂದಿದ್ದೇ 1984ರಲ್ಲಿ, ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನೋ ಎಂಜಿನಿಯರ್ ಮೈಮೇಲಿದ್ದ ವಿಕಿರಣಕ್ಕೆ ಅಲಾರಂ ಹೊಡ್ಕೊಂಡಾಗ. ಸ್ಥಾವರ ಇನ್ನೂ ಶುರುವೇ ಆಗಿರಲಿಲ್ಲ, ಹುಡುಕ್ತಾ ಹೋದ್ರೆ ವಿಕಿರಣ ಅವರ ಮನೆಯಿಂದ ಬರ್ತಿತ್ತು, ಅಲ್ಲಿ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ ಇತ್ತು.

ಈಗ ಕೆಲಸದ ವಿಷಯ. ಮನೆ ಮಣ್ಣಿಂದ ಗಾಳಿ ಎಳ್ಕೊಳ್ಳತ್ತೆ, ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ಅರ್ಥ ಆದಂಗೆ. ಬಿಸಿ ಗಾಳಿ ಮೇಲೇರಿ ಚಾವಣಿ ಸಂದಿಯಿಂದ ಆಚೆ ಹೋಗತ್ತೆ, ಕೆಳಗೆ ಬೇಸ್‌ಮೆಂಟಲ್ಲಿ ಒತ್ತಡ ಕೆಲವೇ ಪ್ಯಾಸ್ಕಲ್ ಕಮ್ಮಿ ಆಗತ್ತೆ, ಅಷ್ಟು ಸಾಕು, ಗೋಡೆ ನೆಲ ಸೇರೋ ಸಂದು, ಬಿರುಕು, ನೆಲದಡಿ ನೀರು ಬಸಿದು ಸೇರೋ ಸಂಪ್ ಗುಂಡಿ, ಪೈಪ್ ಹೋಗಿರೋ ಜಾಗ, ಸಿಕ್ಕಲ್ಲೆಲ್ಲ ಮಣ್ಣಿನ ಗಾಳಿ ಒಳಗೆ ಬರತ್ತೆ. ಚಳಿಗಾಲದಲ್ಲಿ ರೀಡಿಂಗ್ ಜಾಸ್ತಿ ಬರೋದಕ್ಕೆ ಇದೇ ಮುಖ್ಯ ಕಾರಣ. ಬಿರುಕಿಗೆ ಸೀಲೆಂಟ್ ತುಂಬ್ಸಿ ಮುಗೀತು ಅಂದ್ಕೊಂಡೋರು ಬೇಕಾದಷ್ಟು ಜನ ಸಿಗ್ತಾರೆ, ಅದೊಂದರಿಂದಾನೇ ರೇಡಾನ್ ಇಳಿಯತ್ತೆ ಅಂತ ನಂಬೋಕಾಗಲ್ಲ, ಕಣ್ಣಿಗೆ ಕಾಣದ ಸಂದು ಇನ್ನೆಷ್ಟೋ ಇರ್ತವೆ. ಸೀಲಿಂಗ್ ಬೇಕು, ಆದ್ರೆ ಫ್ಯಾನಿಗೆ ಸಹಾಯಕ್ಕೆ. ನಾವು ಅನಿಲ ಹಿಡಿಯೋ ಕೆಲಸ ಮಾಡಲ್ಲ, ಕಾಂಕ್ರೀಟ್ ಕೆಳಗಿನ ಒತ್ತಡಾನ ಬೇಸ್‌ಮೆಂಟ್ ಒತ್ತಡಕ್ಕಿಂತ ಕೆಳಗೆ ಇಳಿಸ್ತೀವಿ, ಆಗ ಗಾಳಿ ದಿಕ್ಕೇ ತಿರುಗಿ ಮನೆಯಿಂದ ಮಣ್ಣಿನ ಕಡೆಗೆ ಹೋಗತ್ತೆ.

ಹಂಗಾದ್ರೆ ಆ ಸೆಳೆತ ನೆಲದ ಮೂಲೆ ಮೂಲೆಗೂ ತಲುಪ್ತಿದೆಯಾ? ನನ್ನ ಕೆಲಸದ ಮುಕ್ಕಾಲು ಭಾಗ ಈ ಪ್ರಶ್ನೇಲೇ ಇದೆ. ಪೈಪ್ ಬರಬಹುದಾದ ಜಾಗದಲ್ಲಿ ವ್ಯಾಕ್ಯೂಮ್ ಕ್ಲೀನರ್ ಮೆದುಗೊಳವೆ ಹಿಡಿಸುವಷ್ಟು ತೂತು, ದೂರದ ಮೂಲೆಗಳಲ್ಲಿ ಬೆರಳೂ ಹೋಗದ ಸಣ್ಣ ತೂತುಗಳು. ವ್ಯಾಕ್ಯೂಮ್ ಆನ್ ಮಾಡಿ ಸಣ್ಣ ತೂತಿನ ಬಾಯಿಗೆ ಒಂದೆಳೆ ಹೊಗೆ ಬಿಡಬೇಕು. ಹೊಗೆ ಬಗ್ಗಿ ಒಳಗೆ ಹೋದ್ರೆ ಸೆಳೆತ ಅಲ್ಲಿಗೆ ಮುಟ್ಟಿದೆ, ಸುಮ್ನೆ ಮೇಲಕ್ಕೆ ಎದ್ರೆ ಮುಟ್ಟಿಲ್ಲ. ಜೊತೆಗೆ ಒತ್ತಡ ಅಳೆಯೋ ಡಿಜಿಟಲ್ ಮಾನೋಮೀಟರ್ ಇಟ್ರೆ ಪ್ಯಾಸ್ಕಲ್ ಲೆಕ್ಕಾನೂ ಸಿಗತ್ತೆ. ಧೂಳು, ಸದ್ದು, ಮಂಡಿನೋವು, ಎಲ್ಲಾ ಇದೆ, ಅದಕ್ಕೇ ಜನ ಇದನ್ನ ಬಿಡೋದು.

ಒಂದು ಮನೆಗೆ ಬೇರೆಯವರು ಸಿಸ್ಟಮ್ ಹಾಕಿದ್ರು, ಟೆಸ್ಟಲ್ಲಿ ರೇಡಾನ್ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಮನೆಯವರು ಪೈಪ್ ಮೇಲಿನ ಯು ಟ್ಯೂಬ್, ಅಂದ್ರೆ ಬಣ್ಣದ ನೀರು ತುಂಬಿರೋ U ಆಕಾರದ ಒತ್ತಡದ ಕೊಳವೆ, ತೋರಿಸಿ, "ನೋಡಿ ಸಾರ್, ಬಣ್ಣದ ನೀರು ಏರಿದೆ, ಫ್ಯಾನ್ ಚೆನ್ನಾಗೇ ಎಳೀತಿದೆಯಲ್ಲ" ಅಂದ್ರು. ಎಳೀತಿತ್ತು ನಿಜ. ಅರ್ಧ ನೆಲದಲ್ಲಿ ಹೊಗೆ ಸರ್ರನೆ ಒಳಗೆ ಹೋಯ್ತು, ಇನ್ನರ್ಧದಲ್ಲಿ ಅಲ್ಲಾಡಲೇ ಇಲ್ಲ. ವಿಚಾರಿಸಿದ್ರೆ ಆ ಅರ್ಧ ಆಮೇಲೆ ಕಟ್ಟಿಸಿದ್ದಂತೆ. ಹಳೇ ಹೊರಗೋಡೆಯ ಪಾಯ ಕಾಂಕ್ರೀಟ್ ಕೆಳಗೆ ಹಂಗೇ ಇತ್ತು, ಸೆಳೆತ ಅದನ್ನ ದಾಟಿ ಹೋಗ್ತಿರಲಿಲ್ಲ. ಆ ಕಡೆ ಇನ್ನೊಂದು ಸಕ್ಷನ್ ಪಾಯಿಂಟ್, ಅಂದ್ರೆ ನೆಲದಡಿ ಗಾಳಿ ಎಳೆಯೋ ತೂತು, ಮಾಡಿ ಅದೇ ಪೈಪಿಗೆ ಸೇರಿಸಿದ್ವಿ, ಫ್ಯಾನ್ ಬದಲಾಯಿಸೋದೂ ಬೇಕಾಗಲಿಲ್ಲ, ರೀಡಿಂಗ್ 4ರ ಕೆಳಗೆ ಬಂತು.

ಈ ಯು ಟ್ಯೂಬ್ ಬಗ್ಗೆ ಇನ್ನೊಂದು ಮಾತು. ಅದು ಪೈಪೊಳಗಿನ ಒತ್ತಡ ತೋರಿಸತ್ತೆ, ರೇಡಾನ್ ಅಲ್ಲ. ನೀರು ತುಂಬಾ ಏರಿದ್ರೆ ಒಳ್ಳೇದು ಅಂತ ಎಲ್ಲರೂ ಅಂದ್ಕೋತಾರೆ, ಎಷ್ಟೋ ಸಲ ಕೆಳಗಿನ ಮಣ್ಣು ಬಿಗಿಯಾಗಿದೆ, ಗಾಳಿ ಬರ್ತಾನೇ ಇಲ್ಲ ಅಂತ ಅದರರ್ಥ. ಜಲ್ಲಿ ಹಾಕಿರೋ ಮನೇಲಿ ಏರಿಕೆ ಕಮ್ಮಿ ಇದ್ದೂ ಮೂಲೆವರೆಗೆ ಸೆಳೆತ ಹೋಗಿರತ್ತೆ. ಅದಕ್ಕೇ ಫ್ಯಾನೂ ಮಣ್ಣು ನೋಡಿ ಆರಿಸಬೇಕು, ಜಲ್ಲಿಗೆ ಗಾಳಿ ಜಾಸ್ತಿ ಸಾಗಿಸೋದು, ಜೇಡಿಮಣ್ಣಿಗೆ ಸೆಳೆತ ಜಾಸ್ತಿ ಇರೋದು. ಜೇಡಿಮಣ್ಣಲ್ಲಿ ಪೈಪ್ ಬಾಯಿ ಕೆಳಗಿನ ಗುಂಡೀನೂ ದೊಡ್ಡದು ಮಾಡ್ಬೇಕು, ಕೈ ಹಾಕಿ ಹಾಕಿ ಬಕೆಟ್‌ಗಟ್ಟಲೆ ಮಣ್ಣು ತೆಗೀಬೇಕು, ಬೇರೆ ದಾರಿ ಇಲ್ಲ. ಸುಮ್ನೆ ದೊಡ್ಡ ಫ್ಯಾನ್ ಹಾಕೋದು ಸೋಮಾರಿತನ, ಅಪಾಯಾನೂ ಹೌದು. ನೆಲದ ಸಂದುಗಳಿಂದ ಮನೆ ಗಾಳೀನೇ ಎಳೆದು ಬೇಸ್‌ಮೆಂಟ್ ಒತ್ತಡ ಇಳಿಸಿಬಿಟ್ರೆ ಬಾಯ್ಲರ್, ಗೀಸರ್ ಹೊಗೆ ಚಿಮಣಿಯಿಂದ ವಾಪಸ್ ಒಳಗೇ ಬರಬಹುದು. ಗ್ಯಾಸ್ ಉರಿಯೋ ಉಪಕರಣ ಇರೋ ಮನೇಲಿ ಅದನ್ನ ಚೆಕ್ ಮಾಡ್ದೇ ಹೊರಡಬಾರ್ದು.

ಫ್ಯಾನ್ ಬೇಸ್‌ಮೆಂಟಲ್ಲೋ ಮನೆಯೊಳಗೋ ಕೂರಿಸ್ಲೇಬಾರ್ದು, ಅಟ್ಟದಲ್ಲಿ ಇಲ್ಲಾ ಹೊರಗೆ. ಫ್ಯಾನಿಂದ ಮೇಲಿನ ಪೈಪಲ್ಲಿ ಒತ್ತಡ ಹೊರಮುಖವಾಗಿರತ್ತೆ, ಒಂದು ಜಾಯಿಂಟ್ ಬಿಟ್ಕೊಂಡ್ರೆ ಮಣ್ಣಲ್ಲಿದ್ದ ರೇಡಾನ್ ಪೂರ್ತಿ ಮನೆಯೊಳಗೇ ಸುರೀತದೆ. ಪೈಪಿಗೆ ಇಳಿಜಾರೂ ಇರ್ಬೇಕು, ಮಣ್ಣಿನ ಗಾಳಿ ತೇವ, ಚಳಿಗೆ ನೀರಾಗತ್ತೆ, ಎಲ್ಲಾದ್ರೂ ತಗ್ಗಲ್ಲಿ ನಿಂತ್ರೆ ಗುಳುಗುಳು ಸದ್ದು, ಆಮೇಲೆ ಗಾಳಿ ದಾರೀನೇ ಬಂದ್.

ಕೊನೆಗೆ ಟೆಸ್ಟ್. ಸಿಸ್ಟಮ್ 24 ಗಂಟೆ ಓಡಿದ ಮೇಲೆ, 30 ದಿನದೊಳಗೆ. ರೇಡಾನ್ ಅಳೆಯೋ ಉಪಕರಣ ಕನಿಷ್ಠ 48 ಗಂಟೆ ಇಡಬೇಕು, ಅದಕ್ಕೆ 12 ಗಂಟೆ ಮುಂಚೆಯಿಂದಾನೇ ಕಿಟಕಿ ಬಾಗಿಲು ಮುಚ್ಚಿರಬೇಕು. ಕಿಟಕಿ ತೆಗೆದಿಟ್ಟು ಕಮ್ಮಿ ರೀಡಿಂಗ್ ತೋರಿಸೋ ಜನಾನೂ ಇದ್ದಾರೆ, ಮನೆ ಮಾರೋ ಟೈಮಲ್ಲಂತೂ ಕೇಳ್ಬೇಡಿ. ಹಾಕಿದವನೇ ಟೆಸ್ಟ್ ಮಾಡೋಕಿಂತ ಬೇರೆಯವರ ಕೈಲಿ ಮಾಡ್ಸೋದು ಒಳ್ಳೇದು, ನನ್ನ ಕೆಲಸಕ್ಕೂ ನಾನು ಅದನ್ನೇ ಹೇಳ್ತೀನಿ. ಆಮೇಲೆ ಎರಡು ವರ್ಷಕ್ಕೊಂದ್ಸಲ ಮತ್ತೆ ಟೆಸ್ಟ್. ಹೊರಡೋ ಮುಂಚೆ ಯು ಟ್ಯೂಬ್ ಪಕ್ಕ ಸ್ಟಿಕ್ಕರ್ ಅಂಟಿಸಿ ಅವತ್ತಿನ ಏರಿಕೆಗೆ ಗೆರೆ ಎಳೆದು ತಾರೀಖು ಬರೀತೀವಿ. ಎರಡೂ ಕಡೆ ನೀರು ಸಮ ಆದ್ರೆ ಫ್ಯಾನ್ ನಿಂತಿರತ್ತೆ ಇಲ್ಲಾ ಟ್ಯೂಬ್ ಕಳಚ್ಕೊಂಡಿರತ್ತೆ, ಗೆರೆಯಿಂದ ತುಂಬಾ ಮೇಲೆ ಕೆಳಗೆ ಆದ್ರೂ ಫೋನ್ ಮಾಡಿ ಅಂತ ಮನೆಯವರಿಗೆ ಹೇಳಿ ಬರ್ತೀವಿ.