ಎಡೆಗೊಂದು ಬೀಡಿ

"ತಾತ ಊಟಕ್ಕೆ ಬರುವಾಗ ಆ ಅಸ್ಥಿಪಂಜರ ನೋಡಿ ಹೆದರ್ಕೊಳ್ಳಲ್ವಾ?" ಎಂದು ಆರು ವರ್ಷದ ಮಗಳು ಕೇಳಿದಾಗ ನಾನು ಬಾಳೆ ಎಲೆ ಒರೆಸುತ್ತಿದ್ದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಬೀದಿಯವರು ಭೂತಪ್ರೇತಗಳ ವೇಷದ ಹಬ್ಬವಾದ ಹ್ಯಾಲೋವೀನ್‌ಗೆ ತಿಂಗಳ ಮೊದಲೇ ಸಜ್ಜಾಗುತ್ತಾರೆ. ಎದುರು ಮನೆಯ ಜಗಲಿಯ ಕುರ್ಚಿಯಲ್ಲಿ ಆಳೆತ್ತರದ ಪ್ಲಾಸ್ಟಿಕ್ ಅಸ್ಥಿಪಂಜರವೊಂದು ಕಾಲ ಮೇಲೆ ಕಾಲು ಹಾಕಿ ಕುಳಿತಿತ್ತು. ಸಕಲೇಶಪುರದ ತೋಟದಲ್ಲಿ ಮಣ್ಣಾಗಿರುವ ತಾತ ಅಂಥದ್ದಕ್ಕೆಲ್ಲ ಹೆದರುವವರಲ್ಲ ಎಂದಷ್ಟೇ ಹೇಳಿದೆ.

2023ರ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 14ರ ಶನಿವಾರ ಬಂದಿದ್ದರಿಂದ ರಜೆ ಕೇಳುವ ತಾಪತ್ರಯ ಇರಲಿಲ್ಲ. ಆದರೆ ಅದೇ ದಿನ ನಡುಹಗಲಿಗೆ ಕಂಕಣ ಸೂರ್ಯಗ್ರಹಣ ನಮ್ಮ ಊರಿನ ಮೇಲೆಯೇ ಹಾದುಹೋಗುವುದಿತ್ತು. ಹಾಸನದ ಕಡೆ ಕಾಣದ ಗ್ರಹಣವಾದರೂ ಅವ್ವನಿಗೆ ಅದರದೇ ಚಿಂತೆ. ಅಲ್ಲಿ ಎಡೆ ಇಟ್ಟು ಮುಗಿಸಿ ಫೋನ್ ಮಾಡಿದವಳು, "ಗ್ರಹಣ ಬಿಟ್ಟ ಮೇಲೆ ತಲೆಗೆ ನೀರು ಹಾಕ್ಕೊಂಡು ಒಲೆ ಹಚ್ಚು ಮಗ" ಎಂದಳು. ಹಾಗಾಗಿ ಕೋಳಿ ಸಾರು, ಕಡುಬು, ಒಡೆ, ಕಜ್ಜಾಯ ಎಲ್ಲವೂ ಮಧ್ಯಾಹ್ನದ ನಂತರದ ಓಡಾಟದಲ್ಲೇ ಆಗಬೇಕಾಯಿತು. ಎಲ್ಲವೂ ಆಯಿತು, ಸಿಗದೆ ಉಳಿದದ್ದು ಬೀಡಿ ಒಂದೇ.

ಬಾಳೆ ಎಲೆ ಕೊಟ್ಟವರು ಪಕ್ಕದ ಮನೆಯ ಮೆಕ್ಸಿಕೊ ಮೂಲದ ಅಜ್ಜಿ. ಯಾರಿಗಾಗಿ ಎಂದು ಕೇಳಿದರು, ತೀರಿಹೋದ ಅಪ್ಪನಿಗೆ ಎಂದೆ. ಬೇರೆ ಯಾರೇ ಆಗಿದ್ದರೂ ಮುಖ ಸಣ್ಣದು ಮಾಡಿಕೊಂಡು ಸಂತಾಪ ಹೇಳುತ್ತಿದ್ದರು. ಈ ಅಜ್ಜಿ ಮಾತ್ರ, "ಅವರು ಏನು ಕುಡಿಯುತ್ತಿದ್ದರು, ಏನು ಸೇದುತ್ತಿದ್ದರು?" ಎಂದು ವಿಚಾರಿಸಿದರು. ಪ್ರತಿ ವರ್ಷ ನವೆಂಬರ್ 2ಕ್ಕೆ, ಮೆಕ್ಸಿಕೊದವರ 'ಸತ್ತವರ ದಿನ'ಕ್ಕೆ, ಅವರೂ ಗಂಡನ ಫೋಟೊ ಇಟ್ಟು, ನೀರು, ಉಪ್ಪು, ಸಿಹಿ ಬ್ರೆಡ್ಡಿನ ಜೊತೆಗೆ ಆತನ ಸಿಗರೇಟು ಮತ್ತು ಟಕೀಲಾವನ್ನೂ ಇಡುತ್ತಾರೆ. ಸತ್ತವರಿಗೆ ದಾರಿ ತಪ್ಪಬಾರದೆಂದು ಬಾಗಿಲಿನಿಂದ ಒಳಗಿನವರೆಗೆ ಚೆಂಡುಹೂವಿನ ಎಸಳು ಹಾಸುತ್ತಾರೆ. ನಮ್ಮ ಹಿತ್ತಿಲ ಚೆಂಡುಹೂವಿನ ತವರು ಅವರ ಮೆಕ್ಸಿಕೊವೇ ಎಂಬುದು ನೆನಪಾಗಿ, ಎರಡು ಮನೆಗೂ ಹಳೆಯ ಬೀಗತನವಿದ್ದಂತೆ ಅನ್ನಿಸಿತು. ಎಲೆಯಲ್ಲಿ ಸುತ್ತಿದ ಸಣ್ಣ ಸಿಗರೇಟು ಎಂದು ನಾನು ಬೀಡಿಯನ್ನು ಬಣ್ಣಿಸುತ್ತಿದ್ದಂತೆಯೇ ಅವರು ಒಳಗೆ ಹೋಗಿ, ಗಂಡನಿಗೆಂದು ತೆಗೆದಿರಿಸಿದ್ದ ಪ್ಯಾಕೆಟ್ಟಿನಿಂದ ಒಂದು ಸಿಗರೇಟು ತಂದು ಎಲೆಯ ಮೇಲಿಟ್ಟರು. ಹ್ಯಾಲೋವೀನ್‌ಗೆ ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರು ಅಮೆರಿಕಕ್ಕೆ ಬಂದ ಮೇಲೆ ಕುಂಬಳಕಾಯಿಗೆ ಒಗ್ಗಿಕೊಂಡರಂತೆ. ಬೀಡಿಯ ಜಾಗಕ್ಕೆ ಸಿಗರೇಟು ಬಂದರೆ ಅಪ್ಪನೂ ಒಗ್ಗಿಕೊಂಡಾರು ಎಂದುಕೊಂಡೆ.

ಸಂಜೆ ಎಡೆ ಹಾಕಿ ಧೂಪ ತೋರಿಸಿದ ಮೇಲೆ ತೊಡಕು ಎದುರಾಯಿತು. ಅಜ್ಜನ ಎಡೆಗೆ ಅಪ್ಪ ಧೂಪದ ಕೆಂಡದಲ್ಲೇ ಬೀಡಿ ಹಚ್ಚಿ, ಒಂದು ದಮ್ಮು ಎಳೆದು ಎಲೆಯ ಕುಡಿಗೆ ಇಡುತ್ತಿದ್ದರು. ಜನ್ಮದಲ್ಲಿ ಸೇದದ ನಾನು ಅದನ್ನು ಹಚ್ಚಲು ಹೋಗಿ ಕೆಮ್ಮಿದೆ, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕುಳಿತೆವು. ಕಾಗೆಗೆಂದು ಗೋಡೆಯ ಮೇಲಿಟ್ಟ ಒಡೆಯನ್ನು ಈ ಊರಿನ ಉದ್ದ ಬಾಲದ ಕಪ್ಪು ಗ್ರ್ಯಾಕಲ್ ಹಕ್ಕಿಗಳು ಆಗಲೇ ಕಿತ್ತಾಡಿ ತಿನ್ನುತ್ತಿದ್ದವು.

ಕೊನೆಯ ಬಾರಿ ಊರಿಗೆ ಹೋಗಿದ್ದಾಗ ಅಪ್ಪನಿಗೆ ವಿಪರೀತ ಕೆಮ್ಮು. ಅಮೆರಿಕದಿಂದ ಬಂದ ಮಗನ ಅಧಿಕಾರದಲ್ಲಿ ನಾನು ಅವರ ಜೇಬಿನಿಂದ ಬೀಡಿ ಕಟ್ಟು ಕಿತ್ತುಕೊಂಡು, ಆಳುಗಳ ಎದುರಿಗೇ, ತೋಟದ ಬಸಿಗಾಲುವೆಗೆ ಎಸೆದಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ನಾನು ಹೊರಡುವ ಬೆಳಿಗ್ಗೆ ಕಾರಿನವರೆಗೆ ಬಂದವರು, ಮಾತಿನ ನಡುವೆ ಎರಡು ಸಲ ಆ ಖಾಲಿ ಜೇಬನ್ನು ಮುಟ್ಟಿ ನೋಡಿಕೊಂಡು, ನಾನು ನೋಡುತ್ತಿದ್ದೇನೆಂದು ತಿಳಿದಾಗ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು.

"ಈಗ ಒಳಗೆ ಹೋಗಬಹುದಾ?" ಎಂದು ಮಗಳು ಕೇಳಿದಳು. ಇನ್ನೊಂದು ಸ್ವಲ್ಪ ಹೊತ್ತು ಇರಲಿ, ಸೇದಿ ಮುಗಿಸಲಿ ಎಂದೆ.