ಲಾರ್ಡ್ ಪದದೊಳಗಿನ ಬ್ರೆಡ್ಡು

1983ರ ಜೂನ್. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದು ಎರಡೇ ದಿನ ಆಗಿತ್ತು. ಒಂಬತ್ತನೇ ಕ್ಲಾಸಿನ ನಮಗೆ ಪಾಠ ಯಾರಿಗೆ ಬೇಕಿತ್ತು? ಇಂಗ್ಲಿಷ್ ಮೇಷ್ಟ್ರು ಬಂದ ಕೂಡಲೇ ಹಿಂದಿನ ಬೆಂಚಿನವನೊಬ್ಬ ಕೇಳಿದ: "ಸಾರ್, ಲಾರ್ಡ್ಸ್ ಮೈದಾನ ಯಾವ ಲಾರ್ಡ್‌ದು?"

"ಥಾಮಸ್ ಲಾರ್ಡ್ ಅಂತ ಒಬ್ಬರು ಮಾಡಿಸಿದ್ದು ಕಣಪ್ಪ. ಅದು ಅವರ ಮನೆತನದ ಹೆಸರು. ಆದ್ರೆ ಆ ಪದದ ಕಥೆ ಬೇರೆ ಇದೆ, ನಾಳೆ ಹೇಳ್ತೀನಿ."

ಮರುದಿನ ಮೇಷ್ಟ್ರ ಕೈಯಲ್ಲಿ ಒಂದು ಪೌಂಡ್ ಬ್ರೆಡ್ಡಿತ್ತು. ನಮ್ಮೂರಲ್ಲಿ ಬ್ರೆಡ್ಡು ಅಂದರೆ ಜ್ವರ ಬಂದವರ ಊಟ. "ಹುಷಾರಿಲ್ವಾ ಸಾರ್?" ಅಂದೆವು. ಅವರು ನಕ್ಕು ಬೋರ್ಡಿನ ಮೇಲೆ 'ಹ್ಲಾಫ್‌ವೇರ್ಡ್' ಅಂತ ಬರೆದರು. ಹಳೆಯ ಇಂಗ್ಲಿಷಿನಲ್ಲಿ ಹ್ಲಾಫ್ ಅಂದರೆ ಬ್ರೆಡ್ಡು, ಇವತ್ತಿನ ಲೋಫ್. ವೇರ್ಡ್ ಅಂದರೆ ಕಾಯುವವನು. ಹಾಸ್ಟೆಲ್ ವಾರ್ಡನ್ ಅನ್ನುತ್ತೇವಲ್ಲ, ಅದೂ ಇದೇ ಬೇರಿನದು. ಮನೆಮಂದಿಯ ಬ್ರೆಡ್ಡು ಕಾಯುವವನೇ ಹ್ಲಾಫ್‌ವೇರ್ಡ್. ಜನರ ಬಾಯಲ್ಲಿ ಸವೆದೂ ಸವೆದೂ ಅದು ಹ್ಲಾಫೋರ್ಡ್ ಆಯಿತು, ಲವರ್ಡ್ ಆಯಿತು, ಕೊನೆಗೆ ಲಾರ್ಡ್ ಆಯಿತು. ಲೇಡಿ ಅಂದರೆ ಮೊದಲಿಗೆ ಬ್ರೆಡ್ಡಿನ ಹಿಟ್ಟು ನಾದುವವಳು. ಆಳಿಗೆ ಹ್ಲಾಫೇಟ, ಅಂದರೆ ಬ್ರೆಡ್ಡು ತಿನ್ನುವವನು. ಏಳನೇ ಶತಮಾನದ ಆರಂಭದ, ಇಂಗ್ಲೆಂಡಿನ ಕೆಂಟ್ ಸೀಮೆಯ ರಾಜ ಎಥೆಲ್‌ಬರ್ಟ್‌ನ ಕಾನೂನಿನಲ್ಲಿ ಈ ಪದ ಇದೆ. ಒಬ್ಬ ರೈತನ ಹ್ಲಾಫೇಟನನ್ನು ಕೊಂದರೆ 6 ಶಿಲಿಂಗ್ ದಂಡ.

ಆಮೇಲೆ ಲಾರ್ಡ್ ದೇವರಿಗೂ ಆಯಿತು, ಜಹಗೀರುದಾರರಿಗೂ ಆಯಿತು, ಮನೆ ಬಾಡಿಗೆ ಕೇಳುವ ಲ್ಯಾಂಡ್‌ಲಾರ್ಡಿಗೂ ಆಯಿತು. ಮೇಷ್ಟ್ರು ಅಲ್ಲಿ ಜಾಸ್ತಿ ನಿಲ್ಲಲಿಲ್ಲ. "ನಮ್ಮಲ್ಲೂ ಇತ್ತು ಕಣ್ರೋ, ಜೋಳವಾಳಿ" ಅಂದರು. ಒಡೆಯನ ಮನೆಯ ಜೋಳ ಉಂಡ ಋಣಕ್ಕೆ ಯುದ್ಧದಲ್ಲಿ ಜೀವ ಕೊಡುವುದನ್ನು ಹಳಗನ್ನಡದವರು ಹಾಗೆ ಕರೆದರು. ಎಲ್ಲಿಯ ಕೆಂಟ್, ಎಲ್ಲಿಯ ನಮ್ಮ ಜೋಳದ ಹೊಲ! ಹಾಗಿದ್ದರೂ ಒಡೆಯ ಮತ್ತು ಆಳಿನ ನಡುವೆ ಎರಡೂ ಕಡೆ ಇದ್ದದ್ದು ಊಟವೇ. ಅವತ್ತು ನನ್ನ ಮೈ ಜುಮ್ಮೆಂದಿತ್ತು. ಪದಗಳ ಹಿಂದೆ ಬೀಳುವ ಹುಚ್ಚು ನನಗೆ ಹತ್ತಿದ್ದು ಆ ಪೀರಿಯಡ್ಡಿನಲ್ಲೇ.

ಬೆಲ್ ಹೊಡೆಯುವ ಮೊದಲು ಮೇಷ್ಟ್ರು ಬ್ರೆಡ್ಡಿನ ಕಾಗದ ಬಿಚ್ಚಿದರು. ಒಂದೊಂದು ಸ್ಲೈಸನ್ನೂ ಮುರಿದು, ಹಿಂದಿನ ಬೆಂಚಿನಿಂದ ಹಂಚುತ್ತಾ ಬಂದರು. ಮುಂದಿನ ಬೆಂಚಿಗೆ ಬರುವಷ್ಟರಲ್ಲಿ ಗಟ್ಟಿ ಅಂಚು ಮಾತ್ರ ಉಳಿದಿತ್ತು. ಅದನ್ನೂ ಎರಡು ಮಾಡಿ ಒಂದನ್ನು ನನಗೆ ಕೊಟ್ಟರು.